ಸಹಿ ಬೇರೆ, ಜಾರಿ ಬೇರೆ: ಕ್ಯೋಟೊದ 55-55 ಲೆಕ್ಕ

ಅಣಕು ಪರೀಕ್ಷೆಯಲ್ಲಿ ಒಂದು ಅಂಕ ಕೈತಪ್ಪಿತು. ಪ್ರಶ್ನೆ ಇಷ್ಟೇ: ಅಮೆರಿಕ ಕ್ಯೋಟೊ ಒಪ್ಪಂದದ ಸದಸ್ಯ ದೇಶವೇ? (ಭೂಮಿ ಬಿಸಿ ಮಾಡುವ ಅನಿಲಗಳ ಹೊಗೆ ಇಳಿಸಲು ದೇಶಗಳು ಮಾಡಿಕೊಂಡ ಒಪ್ಪಂದ ಅದು.) 1998ರಲ್ಲಿ ಸಹಿ ಹಾಕಿದ್ದು ನೆನಪಿತ್ತು, ‘ಹೌದು’ ಅಂತ ಗುರುತು ಹಾಕಿದೆ. ತಪ್ಪು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಸಹಿ ಅಂದರೆ ನಿಶ್ಚಿತಾರ್ಥ, ಅನುಮೋದನೆ ಅಂದರೆ ಧಾರೆ. ಅಮೆರಿಕದಲ್ಲಿ ಇಂಥ ಒಪ್ಪಂದಕ್ಕೆ ಮೇಲ್ಮನೆಯಾದ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. ಕ್ಯೋಟೊ ಸೆನೆಟ್ ಮುಂದೆ ಬರಲೇ ಇಲ್ಲ, 2001ರಲ್ಲಿ ಬುಷ್ ಸರ್ಕಾರ ಒಲ್ಲೆ ಎಂದಿತು. ಭಾರತದ್ದು ಇನ್ನೂ ಮಜಾ. ಸಹಿಯೇ ಹಾಕದೆ 2002ರಲ್ಲಿ ನೇರವಾಗಿ ಸೇರಿತು, ನಿಶ್ಚಿತಾರ್ಥ ಇಲ್ಲದ ಮದುವೆ. ನಮ್ಮಲ್ಲಿ ಸಂಪುಟ ಒಪ್ಪಿದರೆ ಸಾಕು, ಸಂಸತ್ತಿನ ಮತ ಬೇಕಿಲ್ಲ. ಒಪ್ಪಂದಕ್ಕಾಗಿ ಹೊಸ ಕಾನೂನು ಬೇಕಾದರೆ ಸಂಸತ್ತು ಅದನ್ನು ಮಾಡಲು ಸಂವಿಧಾನದ 253ನೇ ವಿಧಿ ಇದೆ.  

ತಲೆ ಕೆಟ್ಟಿದ್ದು ಜಾರಿಯ ಲೆಕ್ಕದಲ್ಲಿ. ಎರಡು ಷರತ್ತು, ಎರಡೂ ಈಡೇರಬೇಕು. ಕನಿಷ್ಠ 55 ದೇಶ ಸೇರಬೇಕು, ಜೊತೆಗೆ ಸೇರಿದ ದೇಶಗಳ ಹೊಗೆ ಒಟ್ಟು ಲೆಕ್ಕದ 55 ಶೇಕಡಾವನ್ನಾದರೂ ಮುಟ್ಟಬೇಕು. 2002ರಲ್ಲೇ 55 ದೇಶ ಆಗಿತ್ತು. ಮತ್ತೆ 2005ರವರೆಗೆ ಯಾಕೆ ಕಾದರು?

ಅಡಿಕೆ ಸುಲಿಯಲು ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋಗಿದ್ದಾಗ ಚಿಕ್ಕಪ್ಪನ ಹತ್ತಿರ ಇದನ್ನೇ ಗೊಣಗಿದೆ. ಅವರು ಬುಟ್ಟಿಯಿಂದ 40 ಹಸಿ ಅಡಿಕೆ ಎಣಿಸಿ ನೆಲದ ಮೇಲಿಟ್ಟರು. 18 ಬಿಡಿಬಿಡಿ, ಉಳಿದವು ಹನ್ನೊಂದರ ಎರಡು ಗುಡ್ಡೆ. “ಒಂದು ಅಡಿಕೆ ಒಂದು ಎಕರೆ. ಹಳ್ಳಕ್ಕೆ ಕಟ್ಟ ಹಾಕಬೇಕು, ಖರ್ಚು ಎಕರೆ ಲೆಕ್ಕದಲ್ಲಿ. 20 ಮನೆಯಲ್ಲಿ 18 ಮನೆ ಒಪ್ಪಿದರೂ ಸಿಕ್ಕಿದ್ದು 18 ಎಕರೆ. ಅರ್ಧನೂ ಆಗಲಿಲ್ಲ ಅಲ್ವಾ?” ಆಮೇಲೆ ಒಂದು ಗುಡ್ಡೆಯನ್ನು ಕಾಲಿಂದ ಆಚೆ ತಳ್ಳಿದರು. “ಈ ದೊಡ್ಡಮನೆ ಬರೋದಿಲ್ಲ ಅಂದ. ಈಗ ಇನ್ನೊಂದು ದೊಡ್ಡಮನೆಯವ ಆಡಿದ್ದೇ ಆಟ ಮಾರಾಯ.”

ಕ್ಯೋಟೊದಲ್ಲಿ ಆದದ್ದೂ ಅದೇ. ಆದರೆ ಒಂದು ಕಡೆ ಜೋಪಾನ, ನಾನು ಎಡವಿದ್ದು ಇಲ್ಲೇ. ಆ 55 ಶೇಕಡಾ ಇಡೀ ಪ್ರಪಂಚದ್ದಲ್ಲ. ಒಂದನೇ ಅನುಬಂಧದಲ್ಲಿರುವ ಕೈಗಾರಿಕಾ ದೇಶಗಳು 1990ರಲ್ಲಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಮಾತ್ರ. ಅಂದರೆ ಭಾರತ, ಚೀನಾ ಸೇರಿದರೆ ದೇಶಗಳ ಎಣಿಕೆ ಏರುತ್ತದೆ, ಹೊಗೆಯ ಎಣಿಕೆಗೆ ಸೊನ್ನೆ. ನಾನು ಸುಮ್ನೆ ಪ್ರಪಂಚದ ಪಟ್ಟಿ ಹಿಡಿದು ಕೂಡಿಸುತ್ತಿದ್ದೆ, ಉತ್ತರ ಎಲ್ಲಿಂದ ಬರಬೇಕು?

ಆ ಪಟ್ಟಿಯಲ್ಲಿ ಅಮೆರಿಕ 36.1, ರಷ್ಯಾ 17.4. ನೂರರಿಂದ ಅಮೆರಿಕ ಕಳೆದರೆ 63.9. ರಷ್ಯಾವನ್ನೂ ಕಳೆದರೆ 46.5. ಉಳಿದವರೆಲ್ಲ ಬಂದರೂ 55 ಮುಟ್ಟುವುದಿಲ್ಲ. ಅಮೆರಿಕ ಎದ್ದು ಹೋದ ದಿನವೇ ರಷ್ಯಾದ ಬೆಲೆ ಏರಿತು. 2004ರ ನವೆಂಬರ್‌ನಲ್ಲಿ ರಷ್ಯಾ ಅನುಮೋದಿಸಿತು. ಅಲ್ಲಿಂದ 90 ದಿನ, 2005ರ ಫೆಬ್ರವರಿ 16ಕ್ಕೆ ಜಾರಿ.

ಹೊಗೆ ಇಳಿಸಲೆಂದೇ ಆಮೇಲೆ ಬಂದ ಪ್ಯಾರಿಸ್ ಒಪ್ಪಂದದಲ್ಲೂ 55-55 ಇದೆ. ಅಲ್ಲಿ ಹೊಗೆ ಇಡೀ ಪ್ರಪಂಚದ್ದು, ಕಾಯುವುದು 30 ದಿನ. ಭಾರತ ಅನುಮೋದಿಸಿದ್ದು 2016ರ ಅಕ್ಟೋಬರ್ 2, ಜಾರಿ ನವೆಂಬರ್ 4. ಇಲ್ಲಿ ನಮ್ಮ ಹೊಗೆಯೂ ಲೆಕ್ಕಕ್ಕೆ ಬಂತು.