ಕೈಯಲ್ಲಿ ಚೆಂಡಿಲ್ಲದಾಗ ಯುವ ಫಾರ್ವರ್ಡ್ ಏನು ಮಾಡುತ್ತಾನೆ?

ಬ್ಯಾಸ್ಕೆಟ್‌ಬಾಲ್‌ನಲ್ಲಿ ಹದಿನೆಂಟು-ಹತ್ತೊಂಬತ್ತು ವಯಸ್ಸಿನ ಫಾರ್ವರ್ಡ್ (ಬದಿಗಳಲ್ಲಿಯೂ ಬುಟ್ಟಿಯ ಬಳಿಯೂ ಆಡುವ ಎತ್ತರದ ಆಟಗಾರ) ಒಬ್ಬ ಪಂದ್ಯಕ್ಕೆ ಇಪ್ಪತ್ತೈದು ಅಂಕ ಗಳಿಸುತ್ತಿದ್ದಾನೆ ಎಂಬ ವರದಿ ಬಂದರೆ, ಆಯ್ಕೆಗಾರರು ಮೊದಲು ವಿಚಾರಿಸಬೇಕಾದದ್ದು ಆ ಅಂಕಗಳು ಹೇಗೆ ಬಂದವು ಎಂಬುದನ್ನು. ಕಿರಿಯರ ತಂಡಗಳಲ್ಲಿ ಎಲ್ಲರಿಗಿಂತ ಎತ್ತರವೂ ಬಲವೂ ಇರುವ ಹುಡುಗನ ಕೈಗೇ ಚೆಂಡು ಮತ್ತೆ ಮತ್ತೆ ಹೋಗುತ್ತದೆ. ಅವನು ಚೆಂಡನ್ನು ನಾಲ್ಕೈದು ಸಲ ನೆಲಕ್ಕೆ ಪುಟಿಸುತ್ತ ಡ್ರಿಬಲ್ ಮಾಡಿ, ಭುಜದಿಂದ ಜಾಗ ಮಾಡಿಕೊಂಡು ಬುಟ್ಟಿಯ ಬಳಿ ನುಗ್ಗುತ್ತಾನೆ. ವೃತ್ತಿಪರ ತಂಡಕ್ಕೆ ಸೇರಿದೊಡನೆ ಈ ಸವಲತ್ತು ಇಲ್ಲವಾಗುತ್ತದೆ. ಅಲ್ಲಿ ಚೆಂಡು ಅನುಭವಿ ಗಾರ್ಡ್‌ಗಳ (ಚೆಂಡನ್ನು ಸಾಗಿಸಿ ಆಟ ಕಟ್ಟುವವರ) ಮತ್ತು ಒಬ್ಬಿಬ್ಬರು ತಾರೆಗಳ ವಶದಲ್ಲಿರುತ್ತದೆ, ಹೊಸಬನ ಸರದಿ ಬರುವುದು ನಾಲ್ಕನೆಯದಾಗಿಯೋ ಐದನೆಯದಾಗಿಯೋ. ಆದ್ದರಿಂದ ಚೆಂಡನ್ನು ಇವನಿಂದ ತೆಗೆದುಕೊಂಡರೆ ಎಷ್ಟು ಆಟ ಉಳಿಯುತ್ತದೆ ಎಂಬುದೇ ನನ್ನ ಮುಖ್ಯ ಪ್ರಶ್ನೆ.

ವಿಡಿಯೊ ನೋಡುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಒಂದು ಸಣ್ಣ ಘಟ್ಟದಲ್ಲಿ. ಗಾರ್ಡ್ ಬುಟ್ಟಿಯತ್ತ ನುಗ್ಗಿದ್ದಾನೆ, ರಕ್ಷಕರು ಅವನ ಸುತ್ತ ಸೇರಿದ್ದಾರೆ, ಪಾಸ್ ಅಡ್ಡಲಾಗಿ ಹಾರಿ ನಮ್ಮ ಫಾರ್ವರ್ಡ್‌ನ ಕೈ ಸೇರಿದೆ, ಅವನನ್ನು ಕಾಯಬೇಕಾದವನು ಕೈ ಎತ್ತಿಕೊಂಡು ಓಡಿಬರುತ್ತಿದ್ದಾನೆ. ಇಲ್ಲಿ ಸಿಗುವ ಸಮಯ ಒಂದು ಸೆಕೆಂಡೂ ಇಲ್ಲ. ಆಟ ಬಲ್ಲವನ ಮೊಣಕಾಲು ಚೆಂಡು ಬರುವ ಮುಂಚೆಯೇ ಬಾಗಿರುತ್ತದೆ, ಪಾದಗಳು ಹೊಡೆತಕ್ಕೆ ಸಜ್ಜಾಗಿರುತ್ತವೆ. ರಕ್ಷಕ ಇನ್ನೂ ದೂರವಿದ್ದರೆ ಚೆಂಡನ್ನು ಬುಟ್ಟಿಗೆ ಹೊಡೆಯುತ್ತಾನೆ. ಮೈಮೇಲೆ ಬಿದ್ದಂತೆ ಬಂದರೆ, ಅವನು ಮುಂದಿಟ್ಟ ಕಾಲಿನ ಪಕ್ಕದಿಂದಲೇ ಒಂದು ಡ್ರಿಬಲ್‌ನಲ್ಲಿ ದಾಟುತ್ತಾನೆ. ಮತ್ತೊಬ್ಬ ಅಡ್ಡ ಬಂದರೆ ಚೆಂಡನ್ನು ಮೂಲೆಗೆ ಕಳಿಸುತ್ತಾನೆ. ಚೆಂಡನ್ನು ಹಿಡಿದು, ಸೊಂಟದವರೆಗೆ ಇಳಿಸಿ, ಸುತ್ತ ಕಣ್ಣಾಡಿಸಿ, ಆಮೇಲೆ ಯೋಚಿಸುವ ಹುಡುಗನ ಮುಂದೆ ಅಷ್ಟರಲ್ಲಿ ರಕ್ಷಣೆ ಮತ್ತೆ ಕಟ್ಟಿಕೊಂಡಿರುತ್ತದೆ, ಗಾರ್ಡ್ ದುಡಿದು ಕೊಟ್ಟ ಅನುಕೂಲ ನೀರುಪಾಲಾಗಿರುತ್ತದೆ. ಈ ತಡವರಿಕೆ ಯಾವ ಅಂಕಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಇನ್ನು ಹೊಡೆತದ ವಿಷಯ. ಶೇಕಡಾವಾರು ನೋಡುವ ಮೊದಲು ಪ್ರಯತ್ನಗಳ ಸಂಖ್ಯೆಯನ್ನು ನೋಡಬೇಕು. ಅರಿಜೋನಾ ವಿಶ್ವವಿದ್ಯಾಲಯದ ಡೆರಿಕ್ ವಿಲಿಯಮ್ಸ್ 2010–11ರ ಋತುವಿನಲ್ಲಿ ತ್ರೀ ಪಾಯಿಂಟ್ ಹೊಡೆತಗಳಲ್ಲಿ (ದೂರದ ಗೆರೆಯ ಆಚೆಯಿಂದ ಹೊಡೆದು ಮೂರು ಅಂಕ ಪಡೆಯುವುದು) ಶೇ 56.8ರಷ್ಟು ಯಶಸ್ಸು ಕಂಡು, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2011ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾದರು. ಆದರೆ ಆ ಶೇಕಡಾವಾರಿನ ಹಿಂದಿದ್ದದ್ದು ಕೇವಲ 74 ಪ್ರಯತ್ನಗಳು, ಅದೂ 6.32 ಮೀಟರ್ ದೂರದ ಕಾಲೇಜು ಗೆರೆಯಿಂದ. ಎನ್‌ಬಿಎ ಗೆರೆ ಮೂಲೆಗಳನ್ನು ಬಿಟ್ಟರೆ 7.24 ಮೀಟರ್ ದೂರದಲ್ಲಿದೆ. ಅಲ್ಲಿ ಅವರ ಯಶಸ್ಸು ಶೇ 30ರ ಆಸುಪಾಸಿಗೆ ಇಳಿಯಿತು. ಅದೇ ಡ್ರಾಫ್ಟ್‌ನಲ್ಲಿ ಹದಿನೈದನೆಯವರಾಗಿ ಆಯ್ಕೆಯಾದ ಕವಾಯಿ ಲೆನಾರ್ಡ್ ಕಾಲೇಜಿನಲ್ಲಿ ಇದೇ ಹೊಡೆತವನ್ನು ಸುಮಾರು ಶೇ 25ರಷ್ಟು ಮಾತ್ರ ಸಾಧಿಸಿದ್ದರು, ಆದರೆ ಫ್ರೀ ಥ್ರೋಗಳಲ್ಲಿ (ಎದುರಾಳಿಯ ಫೌಲ್‌ಗೆ ಸಿಗುವ ತಡೆಯಿಲ್ಲದ ಹೊಡೆತ) ಶೇ 70ರ ಮೇಲಿದ್ದರು. ಸ್ಪರ್ಸ್ ತಂಡದ ಶೂಟಿಂಗ್ ತರಬೇತುದಾರ ಚಿಪ್ ಎಂಗೆಲ್ಯಾಂಡ್ ಲೆನಾರ್ಡ್‌ರ ಹೊಡೆತವನ್ನು ತಿದ್ದಿದರು. ಮೊದಲ ಎನ್‌ಬಿಎ ಋತುವಿನಲ್ಲಿಯೇ ಅದು ಶೇ 37 ದಾಟಿತು. ಫ್ರೀ ಥ್ರೋ ಅಂಕಿಗೆ ನಾನು ಹೆಚ್ಚು ತೂಕ ಕೊಡುವುದು ಇದೇ ಕಾರಣಕ್ಕೆ: ಪ್ರತಿ ಸಲವೂ ಅದೇ ದೂರ, ಎದುರಿಗೆ ರಕ್ಷಕನಿಲ್ಲ, ಅವಸರವಿಲ್ಲ, ಹಾಗಾಗಿ ಕೈಯ ಹದವೊಂದೇ ಬಯಲಾಗುತ್ತದೆ. ಹಾಗೆಂದು ಅದೊಂದನ್ನೇ ನೆಚ್ಚಿಕೊಳ್ಳಲಾಗದು. ಫ್ರೀ ಥ್ರೋ ಚೆನ್ನಾಗಿದ್ದೂ ಹೊಡೆತ ನಿಧಾನವಾಗಿದ್ದರೆ ಓಡಿಬರುವ ರಕ್ಷಕನ ಕೈ ಅದನ್ನು ತಡೆಯುತ್ತದೆ.

ರಕ್ಷಣೆಯಲ್ಲಿ ಕೇಳಬೇಕಾದದ್ದು ಅವನು ಯಾರನ್ನು ಕಾಯಬಲ್ಲ ಎಂಬುದನ್ನು. ವೇಗದ ಫಾರ್ವರ್ಡ್‌ಗಳ ಜೊತೆ ಕಾಲು ಸಾಗದ, ದಪ್ಪ ಮೈಯ ಸೆಂಟರ್‌ಗಳ (ಬುಟ್ಟಿಯ ಹತ್ತಿರವೇ ಆಡುವ ಅತಿ ಎತ್ತರದವರ) ಎದುರು ನಿಲ್ಲಲೂ ಆಗದ ಹುಡುಗರು ಎರಡೂ ಕಡೆ ಸಲ್ಲದೆ ಉಳಿಯುತ್ತಾರೆ. ಇದೇ ಅನುಮಾನದಿಂದ 2012ರಲ್ಲಿ 35ನೆಯ ಆಯ್ಕೆಯವರೆಗೆ ಕಾದ ಡ್ರೇಮಂಡ್ ಗ್ರೀನ್ 2017ರಲ್ಲಿ ಎನ್‌ಬಿಎಯ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದದ್ದೂ ನಿಜ. ಅವರ ಎತ್ತರ ಬದಲಾಗಲಿಲ್ಲ. ಎದುರಾಳಿ ಸಹ ಆಟಗಾರನನ್ನು ದಾಟಿಹೋಗುವ ಮುನ್ನವೇ ನೆರವಿಗೆ ಹೊರಡುವ ಬುದ್ಧಿ ಅವರಲ್ಲಿತ್ತು. ಹಾಗಾಗಿ ಚೆಂಡು ಅಂಗಣದ ಆಚೆ ಬದಿಯಲ್ಲಿರುವಾಗ ಹುಡುಗನ ತಲೆ ಎತ್ತ ತಿರುಗಿದೆ ಎಂದು ನೋಡುತ್ತೇನೆ. ತನ್ನ ಎದುರಾಳಿಯನ್ನೂ ಚೆಂಡನ್ನೂ ಒಟ್ಟಿಗೆ ಗಮನದಲ್ಲಿಟ್ಟುಕೊಳ್ಳುವವನು ಸಿಕ್ಕರೆ ಎರಡು ಅಂಗುಲ ಎತ್ತರ ಕಡಿಮೆಯಿದ್ದರೂ ನನಗೆ ಚಿಂತೆಯಿಲ್ಲ.

ಮೈಕಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎತ್ತರಕ್ಕಿಂತ ನಿಂತಲ್ಲಿಂದ ಕೈ ಎಷ್ಟು ಮೇಲಕ್ಕೆ ಎಟುಕುತ್ತದೆ ಎಂಬುದು ಮುಖ್ಯ. ಕೆವಿನ್ ಡ್ಯುರಾಂಟ್ 2007ರ ಡ್ರಾಫ್ಟ್ ಪೂರ್ವ ಪರೀಕ್ಷೆಯಲ್ಲಿ 84 ಕಿಲೋ ಭಾರವನ್ನು ಬೆಂಚ್ ಪ್ರೆಸ್‌ನಲ್ಲಿ ಒಮ್ಮೆಯೂ ಎತ್ತಲಾಗಲಿಲ್ಲ. ಮರು ವರ್ಷ ಅವರೇ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಪಡೆದರು.

ಉದ್ದ ಕೈಯ ಪ್ರತಿಯೊಬ್ಬ ಹುಡುಗನ ವರದಿಯಲ್ಲಿಯೂ ಈಗ ಎನ್‌ಬಿಎ ತಾರೆ ಯಾನಿಸ್ ಆಂಟೆಟೊಕುಂಪೊ ಹೆಸರು ಬರುತ್ತದೆ, ಇದು ನನಗೆ ಕಿರಿಕಿರಿಯ ಸಂಗತಿ. ಗ್ರೀಸ್‌ನ ಎರಡನೆಯ ದರ್ಜೆಯ ಲೀಗ್‌ನಿಂದ 2013ರಲ್ಲಿ ಹದಿನೈದನೆಯ ಆಯ್ಕೆಯಾಗಿ ಬಂದ ಅವರು ಮೊದಲ ಋತುವಿನಲ್ಲಿ ಗಳಿಸಿದ್ದು ಪಂದ್ಯಕ್ಕೆ ಸರಾಸರಿ 6.8 ಅಂಕ ಮಾತ್ರ ಎಂಬುದನ್ನು ಎಲ್ಲರೂ ನೆನಪಿಸುತ್ತಾರೆ. ಆ ಎತ್ತರದಲ್ಲಿಯೂ ಅವರು ಗಾರ್ಡ್‌ನಂತೆ ಚೆಂಡನ್ನು ಸಾಗಿಸಿ ಪಾಸ್ ಕೊಡಬಲ್ಲವರಾಗಿದ್ದರು ಎಂಬುದನ್ನು ಮರೆಯುತ್ತಾರೆ. ಬೆಳೆಯಲು ಅಲ್ಲೊಂದು ಬುನಾದಿಯಿತ್ತು. ಆದ್ದರಿಂದ ನನ್ನ ವರದಿಯಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಬರೆಯುತ್ತೇನೆ: ನಾಳೆಯೇ ಹದಿನೈದು ನಿಮಿಷ ಆಡಿಸಿದರೆ ಇವನು ಏನು ಕೊಡಬಲ್ಲ, ಮತ್ತು ಐದು ವರ್ಷಗಳಲ್ಲಿ ಎಲ್ಲಿಗೆ ತಲುಪಬಲ್ಲ. ಮೊದಲನೆಯದಕ್ಕೆ ಉತ್ತರ ಸಿಗದಿದ್ದರೆ, ಅವನು ತನ್ನ ವಯೋಮಿತಿಯ ರಾಷ್ಟ್ರೀಯ ತಂಡಕ್ಕೋ ತನಗಿಂತ ದೊಡ್ಡವರ ತಂಡಕ್ಕೋ ಆಡುವ ಪಂದ್ಯಗಳನ್ನು ಹುಡುಕಿ ನೋಡುತ್ತೇನೆ. ಅಲ್ಲಿ ಅವನು ತಾರೆಯಲ್ಲ. ಸಹ ಆಟಗಾರನಿಗೆ ಜಾಗ ಮಾಡಿಕೊಡಲು ಎದುರಾಳಿಗೆ ಅಡ್ಡ ನಿಲ್ಲುತ್ತಾನೆಯೇ, ಚೆಂಡು ಬಾರದಿದ್ದರೂ ಬುಟ್ಟಿಯತ್ತ ಓಡುತ್ತಾನೆಯೇ, ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯಲು (ರೀಬೌಂಡ್‌ಗೆ) ಮೈ ಒಡ್ಡುತ್ತಾನೆಯೇ ಎಂಬುದು ಅಂಥ ಮೂರು ನಾಲ್ಕು ಪಂದ್ಯಗಳಲ್ಲಿ ಗೊತ್ತಾಗುತ್ತದೆ.