ಫ್ಲೇಕ್ಸ್ ಮಾಡುವವರೇ, ಮೊದಲು ಬಿಸಿ ಹಾಲು ಹಾಕಿ ನೋಡಿ

ರಾಗಿ ಫ್ಲೇಕ್ಸ್, ಬಿಳಿಜೋಳದ ಫ್ಲೇಕ್ಸ್, ನವಣೆ ಫ್ಲೇಕ್ಸ್ ಮಾಡಬೇಕು ಅಂತ ಸಲಹೆ ಕೇಳಿಕೊಂಡು ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿದ ಮೇಲಂತೂ ಹೇಳುವುದೇ ಬೇಡ. ರೈತರು, ಮಹಿಳಾ ಸಂಘದವರು, ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿಗೆ ಮರಳಿದ ಹುಡುಗರು. ಎಲ್ಲರೂ ಕಷ್ಟಪಡಲು ತಯಾರಿರುವ ಜನ. ಆದರೆ ಬಹಳ ಮಂದಿಯ ಬಾಯಲ್ಲಿ ಒಂದೇ ಮಾತು: "ಮೇಡಂ, ಕೆಲಾಗ್ಸ್‌ನವರು ಜಾಹೀರಾತು ಕೊಟ್ಟು ಕೊಟ್ಟು ಜನಕ್ಕೆ ಕಾರ್ನ್‌ಫ್ಲೇಕ್ಸ್ ತಿನ್ನೋದು ಕಲಿಸಿದ್ರು. ನಾವೂ ಕಲಿಸ್ತೀವಿ."

ಅವರನ್ನು ನಾನು ಕೇಳುವುದೂ ಒಂದೇ. "ಇದಕ್ಕೆ ಬಿಸಿ ಹಾಲು ಹಾಕಿ ತಿಂದು ನೋಡಿದ್ರಾ?" ಹೆಚ್ಚಿನವರು ನೋಡಿರುವುದಿಲ್ಲ. ಕೆಲವರು, "ತಣ್ಣನೆ ಹಾಲು ಹಾಕಿ ಅಂತ ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ಬರೀತೀವಿ ಮೇಡಂ" ಅನ್ನುತ್ತಾರೆ. ಆಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಾವ ಕಂಪನಿಯ ಹೆಸರು ಹೇಳಿಕೊಂಡು ಇವರು ಹೊರಟಿದ್ದಾರೋ, ಅದೇ ಕಂಪನಿ ನಮ್ಮ ದೇಶದಲ್ಲಿ ಎಡವಿದ್ದು ಇಲ್ಲೇ.

ಅದರ ಕಥೆ ಪೂರ್ತಿ ಕೇಳಿ. ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ಡಾ. ಜಾನ್ ಹಾರ್ವಿ ಕೆಲಾಗ್ ಒಂದು ದೊಡ್ಡ ಆರೋಗ್ಯಧಾಮ ನಡೆಸುತ್ತಿದ್ದರು. ಅಲ್ಲಿ ಮಾಂಸ ಇಲ್ಲ, ಕಾಫಿ ಇಲ್ಲ, ಖಾರ ಮಸಾಲೆ ಇಲ್ಲ. ತಮ್ಮ ವಿಲ್ ಕೀತ್ ಕೆಲಾಗ್ ಲೆಕ್ಕಪತ್ರದಿಂದ ಹಿಡಿದು ಎಲ್ಲ ವ್ಯವಹಾರ ನೋಡಿಕೊಳ್ಳುತ್ತಿದ್ದರು. 1894ರಲ್ಲಿ ಒಮ್ಮೆ ಬೇಯಿಸಿದ ಗೋಧಿ ಹಾಗೇ ಉಳಿದುಹೋಯಿತು. ಅದನ್ನು ಎಸೆಯದೆ ರೋಲರ್‌ಗೆ ಕೊಟ್ಟರೆ, ಹಿಟ್ಟಿನ ಹಾಳೆ ಬರುವ ಬದಲು ಒಂದೊಂದು ಕಾಳೂ ಒಂದೊಂದು ಚಕ್ಕೆಯಾಗಿ ಬಂತು. ಇದನ್ನು ಅದೃಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನ್ನಂಥವರಿಗೆ ಅದರ ಕಾರಣ ಮುಖ್ಯ. ಬೆಂದ ಕಾಳನ್ನು ಹಾಗೇ ಬಿಟ್ಟರೆ ಹೊರಗಿನ ತೇವ ಒಳಕ್ಕೆ ಇಳಿದು ಕಾಳಿನ ತುಂಬ ಸಮನಾಗುತ್ತದೆ. ಆಮೇಲೆ ಒತ್ತಿದರೆ ಒಡೆಯುವುದಿಲ್ಲ, ಹರಡಿಕೊಳ್ಳುತ್ತದೆ. ರಾಗಿ ಹುರಿಹಿಟ್ಟು ಮಾಡುವ ನಮ್ಮ ಅಜ್ಜಿಯರು ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಇಡುತ್ತಿದ್ದರಲ್ಲ, ಅದೂ ಇದಕ್ಕೇ. ತೇವ ಸಮನಾಗದೆ ಅರಳು ಚೆನ್ನಾಗಿ ಬರುವುದಿಲ್ಲ.

ಗೋಧಿಯಾದ ಮೇಲೆ ಮೆಕ್ಕೆಜೋಳ. ತಮ್ಮನಿಗೆ ಇದನ್ನು ಅಂಗಡಿಗೆ ತಂದು ಮಾರುವ ಆಸೆ. ಸಕ್ಕರೆ ಹಾಕಬೇಕು ಅಂತ ತಮ್ಮ, ಕೂಡದು ಅಂತ ಅಣ್ಣ. ಅಷ್ಟರಲ್ಲಿ ಅದೇ ಆರೋಗ್ಯಧಾಮದಲ್ಲಿ ರೋಗಿಯಾಗಿದ್ದ ಸಿ. ಡಬ್ಲ್ಯೂ. ಪೋಸ್ಟ್ ಅನ್ನುವವರು 1897ರಲ್ಲಿ ಗ್ರೇಪ್‌ನಟ್ಸ್ ಅನ್ನುವ ಧಾನ್ಯದ ತಿಂಡಿ ತಂದು ದೊಡ್ಡ ಶ್ರೀಮಂತರಾಗಿದ್ದರು. ಕೊನೆಗೆ 1906ರಲ್ಲಿ, ತಮ್ಮ 45ನೇ ವಯಸ್ಸಿನಲ್ಲಿ, ವಿಲ್ ಕೆಲಾಗ್ ಬೇರೆ ಕಂಪನಿ ಕಟ್ಟಿದರು. ನಕಲು ಮಾಡುವವರು ಎಷ್ಟಿದ್ದರು ಅಂದರೆ, ತಮ್ಮ ಸಹಿ ಇರುವುದೇ ಅಸಲಿ ಅಂತ ಪೆಟ್ಟಿಗೆಯ ಮೇಲೆ ಸಹಿ ಅಚ್ಚು ಹಾಕಿಸಿದರು. ಇವತ್ತು ಪೆಟ್ಟಿಗೆಯ ಮೇಲಿರುವ ಕೆಲಾಗ್ಸ್ ಹೆಸರಿನ ಬರಹ ಆ ಸಹಿಯಿಂದಲೇ ಬಂದದ್ದು. ಅಣ್ಣ ತಮ್ಮಂದಿರ ಜಗಳ ಕೋರ್ಟು ಹತ್ತಿ, ಹೆಸರಿನ ಹಕ್ಕು ತಮ್ಮನಿಗೇ ಅಂತ ತೀರ್ಮಾನವಾಗುವಷ್ಟರಲ್ಲಿ 1920 ಆಗಿತ್ತು.

ಜಾಹೀರಾತಿನಲ್ಲಿ ಆ ಮನುಷ್ಯ ಗಟ್ಟಿಗ, ಅನುಮಾನವೇ ಇಲ್ಲ. 1906ರಲ್ಲಿ ಹೆಂಗಸರು ಓದುವ ಒಂದು ದೊಡ್ಡ ಪತ್ರಿಕೆಯಲ್ಲಿ ಪುಟ ತುಂಬ ಜಾಹೀರಾತು ಕೊಟ್ಟರು. ನಮ್ಮ ಕಾರ್ನ್‌ಫ್ಲೇಕ್ಸ್ ನಿಮ್ಮೂರಿನ ಅಂಗಡಿಯಲ್ಲಿ ಬಹುಶಃ ಸಿಗುವುದಿಲ್ಲ, ಅಂಗಡಿಯವರಿಗೆ ತರಿಸಲು ಹೇಳಿ ಅನ್ನುವುದು ಅದರ ಸಾರಾಂಶ. ಮರುವರ್ಷ ನ್ಯೂಯಾರ್ಕ್‌ನಲ್ಲಿ, ಬುಧವಾರ ನಿಮ್ಮ ಅಂಗಡಿಯವನಿಗೆ ಕಣ್ಣು ಹೊಡೆದು ನೋಡಿ, ಏನು ಸಿಗುತ್ತದೆ ಅಂತ ಗೊತ್ತಾಗುತ್ತದೆ ಎಂದು ಪ್ರಚಾರ ಮಾಡಿದರು. ಸಿಗುತ್ತಿದ್ದದ್ದು ಒಂದು ಪೊಟ್ಟಣ ಸ್ಯಾಂಪಲ್. 1909ರಲ್ಲಿ ಎರಡು ಪೆಟ್ಟಿಗೆ ಕೊಂಡರೆ ಮಕ್ಕಳಿಗೆ ಪ್ರಾಣಿಗಳ ಚಿತ್ರದ ಪುಸ್ತಕ ಉಚಿತ. ಇವತ್ತು ತಿಂಡಿ ಪೊಟ್ಟಣದೊಳಗೆ ಆಟಿಕೆ ಇಡುವ ಪದ್ಧತಿಗೆ ಹಿರಿಯಣ್ಣ ಅದು.

ಇಲ್ಲಿವರೆಗೆ ಹೇಳಿದರೆ, "ನೋಡಿದ್ರಾ ಮೇಡಂ, ಎಲ್ಲಾ ಮಾರ್ಕೆಟಿಂಗ್" ಅನ್ನುತ್ತಾರೆ ನಮ್ಮ ಹುಡುಗರು. ಸ್ವಲ್ಪ ತಾಳಿ. ಆ ಜಾಹೀರಾತುಗಳನ್ನು ಇನ್ನೊಮ್ಮೆ ಓದಿ. ಒಂದಾದರೂ ತಿನ್ನುವ ಕ್ರಮ ಬದಲಿಸಿಕೊಳ್ಳಿ ಅಂದಿದೆಯಾ? ಅಂಗಡಿಗೆ ಹೋಗಿ, ಕೇಳಿ, ಮನೆಗೆ ತನ್ನಿ ಅನ್ನುತ್ತವೆ, ಅಷ್ಟೇ. ಓಟ್ಸ್ ಗಂಜಿಗೆ ಹಾಲು, ಕೆನೆ ಹಾಕಿಕೊಳ್ಳುವ ರೂಢಿ ಆ ಮನೆಗಳಲ್ಲಿ ಮೊದಲೇ ಇತ್ತು. ಆ ಗಂಜಿಯನ್ನು ಹೊತ್ತುಗಟ್ಟಲೆ ಬೇಯಿಸಬೇಕಿತ್ತು. 1863ರಲ್ಲಿ ನ್ಯೂಯಾರ್ಕ್ ರಾಜ್ಯದ ಡಾ. ಜೇಮ್ಸ್ ಕೇಲೆಬ್ ಜಾಕ್ಸನ್ ಮಾಡಿದ ಗ್ರಾನ್ಯುಲಾ ಅನ್ನುವ ತಿಂಡಿ ಎಷ್ಟು ಗಟ್ಟಿ ಅಂದರೆ ಹಿಂದಿನ ರಾತ್ರಿಯೇ ನೆನೆಹಾಕಬೇಕು. ಕಾರ್ನ್‌ಫ್ಲೇಕ್ಸ್‌ಗೆ ಒಲೆ ಹಚ್ಚುವುದೂ ಬೇಡ, ನೆನೆಹಾಕುವುದೂ ಬೇಡ. ಇದ್ದ ರೂಢಿಯಲ್ಲೇ ಕೆಲಸ ಕಡಿಮೆ ಮಾಡಿಕೊಟ್ಟ ಪದಾರ್ಥ ಅದು. ಜಾಹೀರಾತು ಅದರ ಬೆನ್ನಿಗೆ ನಿಂತಿತು.

ಈಗ 1994ಕ್ಕೆ ಬನ್ನಿ. ಕೆಲಾಗ್ಸ್ ಭಾರತಕ್ಕೆ ಬಂತು, ಮುಂಬೈ ಹತ್ತಿರ ತಳೋಜದಲ್ಲಿ ಕಾರ್ಖಾನೆ ಮಾಡಿತು. ಹೆಸರಿತ್ತು, ದುಡ್ಡಿತ್ತು, ಟಿವಿ ಜಾಹೀರಾತಿತ್ತು. ಕುತೂಹಲಕ್ಕೆ ಜನ ಒಂದು ಪೆಟ್ಟಿಗೆ ಕೊಂಡರು, ಎರಡನೆಯದು ಕೊಳ್ಳಲಿಲ್ಲ. ನಮ್ಮ ಮನೆಗಳಲ್ಲಿ ಬೆಳಗ್ಗೆ ಹಾಲು ಅಂದರೆ ಕಾಯಿಸಿದ ಹಾಲು, ಬಿಸಿ ಬಿಸಿ ಹಾಲು. ಮಗುವಿಗೆ ತಣ್ಣನೆ ಹಾಲು ಕೊಟ್ಟರೆ ಶೀತ ಆಗುತ್ತದೆ ಅನ್ನುವ ತಾಯಂದಿರು ಈಗಲೂ ಇದ್ದಾರೆ. ಅವರು ಬಿಸಿ ಹಾಲನ್ನೇ ಸುರಿದರು, ಗರಿಗರಿ ಅಂತ ಟಿವಿಯಲ್ಲಿ ಕಂಡದ್ದು ಬಟ್ಟಲಲ್ಲಿ ಮುದ್ದೆಯಾಯಿತು. ಸೋತದ್ದಕ್ಕೆ ಹಾಲೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆಗಲೇ ಮಾರುಕಟ್ಟೆಯಲ್ಲಿದ್ದ ನಮ್ಮ ದೇಶದ ಮೋಹನ್ಸ್ ಕಾರ್ನ್‌ಫ್ಲೇಕ್ಸ್‌ಗಿಂತ ಬೆಲೆ ಹೆಚ್ಚಿತ್ತು. ನಮ್ಮ ತಿಂಡಿಯಲ್ಲಿ ಸತ್ವ ಸಾಲದು ಅನ್ನುವ ಪ್ರಚಾರದ ಧಾಟಿಯೂ ಹಿಡಿಸಲಿಲ್ಲ. 1996ರ ಚೋಕೋಸ್, ಮರುವರ್ಷದ ಫ್ರಾಸ್ಟೀಸ್ ಬಂದ ಮೇಲೆ ಕಂಪನಿ ಚೇತರಿಸಿಕೊಂಡಿತು. ಒಂದು ದಪ್ಪ, ಇನ್ನೊಂದಕ್ಕೆ ಸಕ್ಕರೆಯ ಲೇಪ. ಮಕ್ಕಳಿಗೆ ಸಿಹಿ ಬೇಕು ಅನ್ನುವುದು ಮುಖ್ಯ ಕಾರಣ ಇರಬಹುದು. ಆದರೆ ಎರಡೂ ಹಾಲಲ್ಲಿ ಸ್ವಲ್ಪ ಹೊತ್ತು ಹೆಚ್ಚು ತಡೆಯುತ್ತವೆ ಅನ್ನುವುದನ್ನು ನಾನು ಮರೆಯುವುದಿಲ್ಲ.

ಯಾಕೆ ಮೆತ್ತಗಾಗುತ್ತದೆ? ಒಂದು ಕಾರ್ನ್‌ಫ್ಲೇಕ್ ತೆಗೆದು ಬೆಳಕಿಗೆ ಹಿಡಿಯಿರಿ. ಮೈತುಂಬ ಚಿಕ್ಕ ಚಿಕ್ಕ ಗುಳ್ಳೆ. ಬೆಂದ ನುಚ್ಚನ್ನು ಒತ್ತಿ, ಬಿಸಿ ಗಾಳಿಯಲ್ಲಿ ಗಬಕ್ಕನೆ ಹುರಿದಾಗ ಒಳಗಿನ ನೀರು ಆವಿಯಾಗಿ ಎಬ್ಬಿಸಿದ ಗುಳ್ಳೆಗಳು. ಕೊನೆಗೆ ಉಳಿಯುವ ತೇವ ಶೇ. 3ರ ಆಸುಪಾಸು. ಅಷ್ಟು ಒಣಗಿದಾಗ ಪಿಷ್ಟ ಬಿಗಿಯಾಗಿ ನಿಲ್ಲುತ್ತದೆ, ಅದಕ್ಕೇ ಗರಿಗರಿ. ನೀರು ಒಳಗೆ ಹೋದ ಕೂಡಲೇ ಬಿಗಿ ಸಡಿಲ. ಹಾಲು ಬಿಸಿ ಇದ್ದರೆ ನೀರು ಬೇಗ ನುಗ್ಗುತ್ತದೆ, ಪಿಷ್ಟವೂ ಬೇಗ ಸಡಿಲವಾಗುತ್ತದೆ. ಚಕ್ಕೆ ತೆಳುವಾದಷ್ಟೂ ಬೇಗ. ಪ್ಯಾಕೆಟ್ ಮೇಲೆ ಏನು ಬರೆದರೂ ಇದು ನಿಲ್ಲುವುದಿಲ್ಲ.

ರಾಗಿಯವರಿಗೆ ಇನ್ನೊಂದು ತೊಡಕು. ಮೆಕ್ಕೆಜೋಳದಲ್ಲಿ ಒಂದು ದಪ್ಪ ನುಚ್ಚು ಒಂದು ಚಕ್ಕೆಯಾಗುತ್ತದೆ. ರಾಗಿ ಕಾಳು ಸಾಸಿವೆಯಷ್ಟು. ಹಿಟ್ಟು ಮಾಡಿ, ಬೇಯಿಸಿ, ಗುಳಿಗೆ ಕಟ್ಟಿ, ಆಮೇಲೆ ಒತ್ತಬೇಕು. ಹಾಗೆ ಮಾಡಿದ್ದು ಹಾಲಲ್ಲಿ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದು ನಿಮ್ಮ ಮಿಶ್ರಣ, ನಿಮ್ಮ ಮೆಷಿನ್ ಮೇಲೆ ನಿಂತಿದೆ. ಸ್ಯಾಂಪಲ್ ನೋಡದೆ ಫೋನಿನಲ್ಲಿ ಹೇಳಿ ಅಂದರೆ ನಾನು ಹೇಳಲಾರೆ.

ಹಾವೇರಿ ಕಡೆಯ ಮಹಿಳಾ ಸಂಘವೊಂದು ಬಿಳಿಜೋಳದ ಫ್ಲೇಕ್ಸ್ ತಂದಿತ್ತು. ಅವರ ಮುಂದೆಯೇ ಬಿಸಿ ಹಾಲು ಹಾಕಿದೆ. ಚಮಚ ತರುವಷ್ಟರಲ್ಲಿ ಮೆತ್ತಗಾಗಿತ್ತು. ಎಲ್ಲರ ಮುಖ ಸಣ್ಣದಾಯಿತು. ಅವರಲ್ಲಿ ಹಿರಿಯರೊಬ್ಬರು ಒಂದು ಚಮಚ ಬಾಯಿಗೆ ಹಾಕಿಕೊಂಡು, "ಮೆತ್ತಗ ಆಗೂದಿದ್ರ ಆಗ್ಲಿ ಬಿಡ್ರಿ ಮೇಡಂ. ಅವಲಕ್ಕಿ ನಾವು ಮೆತ್ತಗನ ತಿಂತೇವಲ್ರಿ? ರುಚಿ ಅದ" ಅಂದರು. ಎಷ್ಟು ಸರಿಯಾದ ಮಾತು! ಗರಿಗರಿ ಅನ್ನುವ ಹಟ ಬಿಟ್ಟರು. ಚಕ್ಕೆಯನ್ನು ಸ್ವಲ್ಪ ದಪ್ಪ ಮಾಡಿ, ಬೆಲ್ಲದ ಪುಡಿ, ಏಲಕ್ಕಿ ಸೇರಿಸಿ, ಬಿಸಿ ಹಾಲಲ್ಲಿ ನೆನೆಸಿ ತಿನ್ನುವ ತಿಂಡಿ ಅಂತಲೇ ಈಗ ಮಾರುತ್ತಿದ್ದಾರೆ. ದೊಡ್ಡ ಲಾಭವೇನೂ ಇನ್ನೂ ಇಲ್ಲ. ಆದರೆ ಕೊಂಡವರು ಮತ್ತೆ ಬಂದು ಕೊಳ್ಳುತ್ತಿದ್ದಾರೆ.

ಹಾಗಾಗಿ ದಯವಿಟ್ಟು ರೋಲರ್ ಮೆಷಿನ್ ಕೊಟೇಶನ್, ಸಬ್ಸಿಡಿ ಅರ್ಜಿ, ಪೆಟ್ಟಿಗೆಯ ಡಿಸೈನ್ ಹಿಡಿದುಕೊಂಡು ಮೊದಲ ಸಲವೇ ಬರಬೇಡಿ. ಅರ್ಧ ಕೆಜಿ ಫ್ಲೇಕ್ಸ್ ಮಾಡಿಸಿ, ನಿಮ್ಮ ಬೀದಿಯ ಕೆಲವು ಮನೆಗಳಿಗೆ ಕೊಡಿ. ಹೇಗೆ ತಿನ್ನಬೇಕು ಅಂತ ಹೇಳಬೇಡಿ. ಅವರು ಏನು ಹಾಕಿಕೊಂಡು ತಿಂದರು, ಬಟ್ಟಲಲ್ಲಿ ಎಷ್ಟು ಬಿಟ್ಟರು ಅಂತ ಬರೆದುಕೊಳ್ಳಿ. ಆ ಚೀಟಿ, ಉಳಿದ ಸ್ಯಾಂಪಲ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ತನ್ನಿ, ಅಲ್ಲಿಂದ ಮುಂದಿನ ಮಾತು ಶುರು ಮಾಡೋಣ.