ಒಂದೇ ಲನ್, ಇಬ್ಬರು ಶಾನುಭೋಗರು

ಪ್ರಶ್ನೆ: ನಮ್ಮದು ಮದುವೆ ಫೋಟೋ, ವಿಡಿಯೋ ಎಡಿಟಿಂಗ್ ಸ್ಟುಡಿಯೋ. ಹೊಸ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ತಂದು ಅದರಲ್ಲಿ 4 ಟಿಬಿಯ ಐಸ್ಕಸಿ ಲನ್ (ಕಂಪ್ಯೂಟರಿಗೆ ಸ್ವಂತ ಡಿಸ್ಕಿನಂತೆ ಕಾಣುವ ಪಾಲು) ಮಾಡಿ, ಎರಡು ವಿಂಡೋಸ್ ಕಂಪ್ಯೂಟರಿಗೂ ಜೋಡಿಸಿದ್ದೇವೆ. ಎರಡರಲ್ಲೂ ಇ ಡ್ರೈವ್ ಆಗಿ ಬರುತ್ತದೆ. ಆದರೆ ಒಂದರಲ್ಲಿ ಹಾಕಿದ ಫೋಲ್ಡರ್ ಇನ್ನೊಂದರಲ್ಲಿ ಕಾಣುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಕಾಣುತ್ತದೆ. ನಿನ್ನೆಯಿಂದ ಕೆಲವು ಫೈಲು ತೆರೆಯುತ್ತಲೇ ಇಲ್ಲ. ಯಾವ ಸೆಟ್ಟಿಂಗ್ ತಪ್ಪಿದೆ?

ಉತ್ತರ: ಇದನ್ನು ಪೂರ್ತಿ ಓದುವ ಮೊದಲು ಎದ್ದು ಹೋಗಿ ಒಂದು ಕಂಪ್ಯೂಟರನ್ನು ಆ ಲನ್‌ನಿಂದ ಬಿಡಿಸಿ. ವಿಂಡೋಸ್‌ನ ಐಸ್ಕಸಿ ಇನಿಶಿಯೇಟರ್ (ಲನ್‌ಗೆ ಜೋಡಿಸುವ ಪ್ರೋಗ್ರಾಂ) ತೆರೆದು ಡಿಸ್ಕನೆಕ್ಟ್ ಒತ್ತಿದರಷ್ಟೇ ಸಾಲದು. ಫೇವರಿಟ್ ಟಾರ್ಗೆಟ್ಸ್ ಪಟ್ಟಿಯಿಂದಲೂ ತೆಗೆಯಿರಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುತ್ತಲೇ ಅದು ತಾನಾಗಿ ಮತ್ತೆ ಹೋಗಿ ಅಂಟಿಕೊಳ್ಳುತ್ತದೆ.

ಮುಗಿಯಿತೇ? ಈಗ ವಿಷಯಕ್ಕೆ ಬರೋಣ. ನಿಮ್ಮ ಸೆಟ್ಟಿಂಗ್ ಯಾವುದೂ ಕೆಟ್ಟಿಲ್ಲ. ನೀವು ಹೇಳಿದ್ದನ್ನೇ ನ್ಯಾಸ್ ಚಾಚೂ ತಪ್ಪದೆ ಮಾಡಿದೆ. ಹೇಳಿದ್ದೇ ಎಡವಟ್ಟು.

ನ್ಯಾಸ್‌ನಲ್ಲಿ ಸಾಮಾನ್ಯ ಷೇರ್ಡ್ ಫೋಲ್ಡರ್ ಮಾಡಿದಾಗ ಫೈಲುಗಳ ಲೆಕ್ಕ ಇಡುವುದು ನ್ಯಾಸ್. ಯಾವ ಫೈಲು ಎಲ್ಲಿದೆ, ಎಷ್ಟು ಜಾಗ ಖಾಲಿ ಇದೆ, ಈಗ ಯಾರು ಯಾವುದನ್ನು ತೆರೆದಿದ್ದಾರೆ ಎಲ್ಲ ಅದಕ್ಕೆ ಗೊತ್ತು. ಐಸ್ಕಸಿ ಹಾಗಲ್ಲ. ಅದು ಹಳೆಯ ಸ್ಕಸಿ ಡಿಸ್ಕ್ ಆಜ್ಞೆಗಳನ್ನು ನೆಟ್‌ವರ್ಕ್ ತಂತಿಯೊಳಗೆ ತುರುಕಿ ಕಳಿಸುವ ವಿಧಾನ. 2004ರಲ್ಲಿ ಇದಕ್ಕೆ ಪ್ರಮಾಣಿತ ರೂಪ ಸಿಕ್ಕಿತು. ಇದರಲ್ಲಿ ನ್ಯಾಸ್ ಕೊಡುವುದು ಬರೀ ಜಮೀನು: ಸಾಲಾಗಿ ನಂಬರು ಹಾಕಿದ ಬ್ಲಾಕುಗಳು. ಅಲ್ಲಿ ಏನು ಬೆಳೆದಿದ್ದೀರಿ ಎಂದು ಅದು ಕೇಳುವುದಿಲ್ಲ. ಪಹಣಿ ಬರೆಯುವ ಶಾನುಭೋಗರು ನಿಮ್ಮ ವಿಂಡೋಸ್‌ನಲ್ಲಿರುವ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ.

ನಿಮ್ಮ ಊರಿಗೆ ಈಗ ಇಬ್ಬರು ಶಾನುಭೋಗರು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಇನ್ನೊಬ್ಬರಿದ್ದಾರೆ ಎಂಬುದೇ ಇಬ್ಬರಿಗೂ ಗೊತ್ತಿಲ್ಲ. ಇಬ್ಬರೂ ಬೆಳಿಗ್ಗೆ ಕಡತ ಒಮ್ಮೆ ಓದಿ ತಲೆಯಲ್ಲಿಟ್ಟುಕೊಂಡಿದ್ದಾರೆ, ಅಂದರೆ ಮೆಮೊರಿಯಲ್ಲಿ. ಮೊದಲನೆಯವರು 500ನೇ ಸರ್ವೆ ನಂಬರನ್ನು ಒಂದು ಫೋಲ್ಡರಿಗೆ ಮಂಜೂರು ಮಾಡಿದರು. ಎರಡನೆಯವರ ನೆನಪಿನಲ್ಲಿ ಅದು ಇನ್ನೂ ಬೀಳು ಭೂಮಿ, ಆದ್ದರಿಂದ ಆ ಫೋಲ್ಡರ್ ಅವರಿಗೆ ಕಾಣುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ಕಡತವನ್ನು ಹೊಸದಾಗಿ ಓದುತ್ತಾರೆ, ಕಾಣುತ್ತದೆ. ಇಷ್ಟಕ್ಕೇ ನಿಂತಿದ್ದರೆ ಬರೀ ಕಿರಿಕಿರಿ. ಆದರೆ ರೀಸ್ಟಾರ್ಟ್ ಆಗುವ ಮೊದಲೇ ಎರಡನೆಯವರು ಅದೇ 500ನೇ ನಂಬರನ್ನು ಬೇರೊಂದು ವಿಡಿಯೋಗೆ ಬರೆದುಕೊಟ್ಟರೆ? ಮೊದಲನೆಯ ಫೋಲ್ಡರಿನ ಫೋಟೋ ಅಳಿಸಿ ಹೋಯಿತು, ಎರರ್ ಸಂದೇಶವೂ ಇಲ್ಲ. ನಿನ್ನೆಯಿಂದ ತೆರೆಯದ ಫೈಲುಗಳ ಕಥೆ ಇದು.

ಹಾಗಾದರೆ ನ್ಯಾಸ್ ಎರಡನೆಯ ಕಂಪ್ಯೂಟರನ್ನು ಒಳಗೆ ಬಿಟ್ಟಿದ್ದೇಕೆ? ಬಿಡುವಂತೆ ನೀವೇ ಟಿಕ್ ಹಾಕಿರುತ್ತೀರಿ. ಸಿನಾಲಜಿ ಕಂಪನಿಯ ನ್ಯಾಸ್‌ನಲ್ಲಿ ಟಾರ್ಗೆಟ್ (ಲನ್‌ಗೆ ಹೋಗುವ ಬಾಗಿಲು) ಸೆಟ್ಟಿಂಗಿನೊಳಗೆ ಒಂದಕ್ಕಿಂತ ಹೆಚ್ಚು ಸೆಷನ್‌ಗೆ (ಜೋಡಣೆಗೆ) ಅನುಮತಿ ಎಂಬ ಚೌಕ ಇದೆ. ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ನಲ್ಲಿ ಅದರ ಹೆಸರೇ ಕ್ಲಸ್ಟರಿಂಗ್. ಓದಿದವರಿಗೆ "ಹಂಚಿಕೊಳ್ಳಿ" ಎಂದು ಕೇಳಿಸುತ್ತದೆ, ನಿಮ್ಮ ತಪ್ಪೇನಿಲ್ಲ. ಆ ಚೌಕ ಇರುವುದು ಬೇರೆಯವರಿಗೆ. ವಿಎಂವೇರ್‌ನ ವಿಎಂಎಫ್‌ಎಸ್, ಲಿನಕ್ಸ್‌ನ ಜಿಎಫ್‌ಎಸ್2, ವಿಂಡೋಸ್ ಸರ್ವರ್‌ನ ಕ್ಲಸ್ಟರ್ ಷೇರ್ಡ್ ವಾಲ್ಯೂಮ್ ಇವು ಹಲವು ಯಂತ್ರಗಳು ಹಂಚಿಕೊಳ್ಳಲೆಂದೇ ಮಾಡಿದ ವ್ಯವಸ್ಥೆಗಳು. ಇವುಗಳಲ್ಲಿ ಶಾನುಭೋಗರು ಪರಸ್ಪರ ಮಾತಾಡಿಕೊಂಡು, ಬೀಗ ಹಾಕಿ ಬರೆಯುತ್ತಾರೆ. ಒಂದೇ ಸರ್ವರ್ ಎರಡು ತಂತಿಗಳಲ್ಲಿ ಒಂದೇ ಲನ್‌ಗೆ ಹೋಗುವಾಗಲೂ ಆ ಟಿಕ್ ಬೇಕು. ಎನ್‌ಟಿಎಫ್‌ಎಸ್ ಇರುವ ಎರಡು ಸಾದಾ ಪಿಸಿಗಳಿಗೆ ಅದು ಬೇಡವೇ ಬೇಡ.

ಈಗ ಉಳಿದದ್ದನ್ನು ಉಳಿಸಿಕೊಳ್ಳುವ ಕೆಲಸ. ನಿಮ್ಮ ನ್ಯಾಸ್‌ನಲ್ಲಿ ಲನ್ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ) ಸೌಲಭ್ಯ ಇದ್ದರೆ ಮೊದಲು ಒಂದು ತೆಗೆದಿಡಿ. ಇನ್ನೂ ಹೆಚ್ಚು ಹಾಳಾದರೆ ಈ ಸ್ಥಿತಿಗಾದರೂ ಹಿಂತಿರುಗಬಹುದು. ಆಮೇಲೆ ಜೋಡಣೆಯಲ್ಲಿ ಉಳಿದ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಸಿಕ್ಕಿದ ಫೈಲನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಡ್ರೈವ್ ಸರಿಪಡಿಸಲೇ ಎಂದು ವಿಂಡೋಸ್ ಕೇಳಿದರೆ ಕಾಪಿ ಮುಗಿಯುವ ತನಕ ಬೇಡ ಅನ್ನಿ. ಹಾಗೆ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ನೋಡಿಕೊಳ್ಳುವುದು ಕಡತದ ತಾಳೆಯನ್ನು, ನಿಮ್ಮ ಫೋಟೋಗಳನ್ನಲ್ಲ. ತಾಳೆಯಾಗದ ಫೋಲ್ಡರನ್ನು ಅದು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಹಾಕುತ್ತದೆ. ಕಾಪಿ ಆದವನ್ನೂ ತೆರೆದು ನೋಡಿ, ಹೆಸರು ಸರಿಯಿದ್ದು ಒಳಗೆ ಕಸ ತುಂಬಿರಬಹುದು. ಕ್ಯಾಮೆರಾ ಕಾರ್ಡುಗಳನ್ನು ಇನ್ನೂ ಅಳಿಸಿಲ್ಲವಾದರೆ ಅಳಿಸಬೇಡಿ.

ಮುಂದಕ್ಕೆ ಇಬ್ಬರೂ ಮುಟ್ಟುವ ಪ್ರಾಜೆಕ್ಟುಗಳನ್ನು ನ್ಯಾಸ್‌ನ ಷೇರ್ಡ್ ಫೋಲ್ಡರ್‌ನಲ್ಲಿಡಿ. "ಐಸ್ಕಸಿ ಸ್ಪೀಡು ಜಾಸ್ತಿ ಅಂತೆ" ಎಂದು ಯಾರಾದರೂ ಹೇಳಿರುತ್ತಾರೆ. ಸಣ್ಣ ಸಣ್ಣ ತುಂಡುಗಳನ್ನು ಓದಿ ಬರೆಯುವ ಡೇಟಾಬೇಸ್, ವರ್ಚುಯಲ್ ಮಷೀನ್‌ಗಳಲ್ಲಿ ವ್ಯತ್ಯಾಸ ಕಾಣಬಹುದು. ದೊಡ್ಡ ವಿಡಿಯೋ ಫೈಲಿಗೆ ಎರಡೂ ಹೋಗುವುದು ಒಂದೇ ತಂತಿಯಲ್ಲಿ. ಒಂದು ಗಿಗಾಬಿಟ್ ತಂತಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 110 ಎಂಬಿ ಸಾಗಿಸುತ್ತದೆ, ಯಾವ ಹೆಸರಿನಲ್ಲಿ ಕಳಿಸಿದರೂ ಅಷ್ಟೇ. ವೇಗ ಬೇಕಿದ್ದರೆ 2.5 ಗಿಗಾಬಿಟ್ ಸ್ವಿಚ್ ಮತ್ತು ಕಾರ್ಡುಗಳಿಗೆ ದುಡ್ಡು ಹಾಕಿ, ಆದರೆ ನ್ಯಾಸ್‌ನಲ್ಲೂ ಆ ಪೋರ್ಟ್ ಇದೆಯೇ ನೋಡಿಕೊಂಡು.

ಹಾಗಂತ ಐಸ್ಕಸಿ ನಿಮಗೆ ಬೇಡವೇ ಬೇಡ ಎಂದಲ್ಲ. ನೆಟ್‌ವರ್ಕ್ ಡ್ರೈವ್ ಎಂದ ಕೂಡಲೇ ಮುಖ ತಿರುಗಿಸುವ ಸಾಫ್ಟ್‌ವೇರ್‌ಗಳಿವೆ. ಅಂಥದ್ದಕ್ಕೆ ಒಂದು ಕಂಪ್ಯೂಟರಿಗೆ ಒಂದರಂತೆ ಲನ್ ಕೊಡಿ. ಎರಡು ಕಂಪ್ಯೂಟರ್ ಎಂದರೆ ಎರಡು ಲನ್, ಎರಡು ಟಾರ್ಗೆಟ್. ಟಾರ್ಗೆಟ್ ಮಾಡುವಾಗ ಯಾರಿಗೆ ಪ್ರವೇಶ ಎಂಬಲ್ಲಿ ಆಯಾ ಕಂಪ್ಯೂಟರಿನ ಐಕ್ಯೂಎನ್ ಹೆಸರನ್ನೇ (ಐಸ್ಕಸಿಯಲ್ಲಿ ಅದರ ಗುರುತನ್ನು) ಬರೆಯಿರಿ. ವಿಂಡೋಸ್ ಇನಿಶಿಯೇಟರಿನ ಕಾನ್ಫಿಗರೇಷನ್ ಪುಟದಲ್ಲಿ ಅದು ಸಿಗುತ್ತದೆ. ಹೀಗೆ ಮಾಡಿದರೆ ಪಕ್ಕದ ಪಿಸಿಯಿಂದ ಕೈತಪ್ಪಿ ಕನೆಕ್ಟ್ ಒತ್ತಿದರೂ ಒಳಗೆ ಬಿಡುವುದಿಲ್ಲ. ಚ್ಯಾಪ್ ಪಾಸ್‌ವರ್ಡ್ (ಜೋಡಿಸುವಾಗ ಕೇಳುವ ಗುಟ್ಟಿನ ಪದ) ಹಾಕುವುದಾದರೆ 12ರಿಂದ 16 ಅಕ್ಷರ ಇರಲಿ, ಇಲ್ಲವಾದರೆ ವಿಂಡೋಸ್ ಒಪ್ಪುವುದಿಲ್ಲ. ಅದು ಬಾಗಿಲಿನ ಚಿಲಕ ಮಾತ್ರ, ತಂತಿಯಲ್ಲಿ ಹರಿಯುವ ಡೇಟಾವನ್ನು ಮುಚ್ಚಿಡುವುದಿಲ್ಲ. ನ್ಯಾಸ್‌ಗೆ ಬದಲಾಗದ ಐಪಿ ಕೊಡಿ. ಐಸ್ಕಸಿ ಬಳಸುವ 3260ನೇ ಪೋರ್ಟನ್ನು ರೌಟರಿನಲ್ಲಿ ಹೊರಜಗತ್ತಿಗೆ ತೆರೆಯಬೇಡಿ. ಡಿಸ್ಕ್ ಮೊದಲ ಸಲ ಬಂದಾಗ, ಅದನ್ನು ವಿಭಾಗಿಸುವ ಎರಡು ಬಗೆಗಳಲ್ಲಿ ಜಿಪಿಟಿ ಆರಿಸಿ ಕ್ವಿಕ್ ಫಾರ್ಮ್ಯಾಟ್ ಮಾಡಿ. ಎಂಬಿಆರ್ ಆರಿಸಿದರೆ 2 ಟಿಬಿ ಆಚೆಗಿನ ಜಾಗ ಕೈಗೆ ಸಿಗದು.

ಥಿನ್ ಮಾಡಲೇ, ಥಿಕ್ ಮಾಡಲೇ ಎಂದು ನ್ಯಾಸ್ ಕೇಳುತ್ತದೆ. ಥಿಕ್ ಎಂದರೆ ಜಾಗ ಈಗಲೇ ಕಟ್ಟಿಡುತ್ತದೆ. ಥಿನ್ ಎಂದರೆ ಬರೆದಷ್ಟೇ ಜಾಗ ತೆಗೆದುಕೊಳ್ಳುತ್ತದೆ. ಥಿನ್‌ನಲ್ಲಿ ನ್ಯಾಸ್ ತುಂಬಿಹೋದರೆ, ಇ ಡ್ರೈವ್‌ನಲ್ಲಿ ಇನ್ನೂ 1 ಟಿಬಿ ಖಾಲಿ ಎಂದು ವಿಂಡೋಸ್ ತೋರಿಸುತ್ತಿರುವಾಗಲೇ ಬರಹ ನಿಲ್ಲುತ್ತದೆ. ನಿಮ್ಮಂಥ ಸ್ಟುಡಿಯೋಗೆ ಥಿಕ್ ವಾಸಿ ಎಂಬುದು ನನ್ನ ಅಭಿಪ್ರಾಯ, ಸೀಸನ್ ಮಧ್ಯೆ ಜಾಗ ಎಣಿಸುತ್ತ ಕೂರುವ ಪುರುಸೊತ್ತು ಯಾರಿಗಿದೆ?

ಮರೆತುಹೋಗುವ ಇನ್ನೊಂದು ವಿಷಯ ಯುಪಿಎಸ್. ಕಂಪ್ಯೂಟರಿಗೂ ನ್ಯಾಸ್‌ಗೂ ಯುಪಿಎಸ್ ಕೊಟ್ಟು, ಗೋಡೆಯ ಮೇಲಿನ ಪುಟ್ಟ ನೆಟ್‌ವರ್ಕ್ ಸ್ವಿಚ್ಚನ್ನು ಮಾತ್ರ ನೇರ ಕರೆಂಟಿಗೆ ಸಿಕ್ಕಿಸಿರುತ್ತಾರೆ. ಕರೆಂಟ್ ಹೋದ ಗಳಿಗೆ ಎರಡು ತುದಿಗಳೂ ಬದುಕಿರುತ್ತವೆ, ನಡುವಿನ ದಾರಿ ಸತ್ತಿರುತ್ತದೆ. ಐಸ್ಕಸಿಗೆ ಅದು ಬರೆಯುತ್ತಿರುವಾಗಲೇ ಹಾರ್ಡ್ ಡಿಸ್ಕ್ ಕೇಬಲ್ ಕಿತ್ತ ಹಾಗೆ.

ಬ್ಯಾಕಪ್ ಬಗ್ಗೆಯೂ ಒಂದು ಮಾತು. ಲನ್ ಒಳಗಿನ ಫೋಟೋ ನ್ಯಾಸ್‌ನ ಫೈಲ್ ಪುಟದಲ್ಲಿ ಕಾಣುವುದಿಲ್ಲ. ನ್ಯಾಸ್ ಕಣ್ಣಿಗೆ ಅದು ಒಂದೇ ದೊಡ್ಡ ಮುದ್ದೆ. ಅಲ್ಲಿಂದ ಒಂದು ಫೋಟೋ ಹಿಂಪಡೆಯಲು ಸ್ನ್ಯಾಪ್‌ಶಾಟಿನಿಂದ ಹೊಸ ಲನ್ ಮಾಡಿ, ಅದನ್ನು ಪಿಸಿಗೆ ಜೋಡಿಸಿ ಹುಡುಕಬೇಕು. ಆದ್ದರಿಂದ ಫೈಲುಗಳ ಬ್ಯಾಕಪ್ಪನ್ನು ಆ ಕಂಪ್ಯೂಟರಿನಿಂದಲೇ, ನ್ಯಾಸ್ ಅಲ್ಲದ ಬೇರೆ ಡಿಸ್ಕಿಗೆ ತೆಗೆಯಿರಿ.

ಈಗಿರುವ 4 ಟಿಬಿ ಲನ್ ಅನ್ನು ಸರಿಮಾಡಲು ಹೋಗಬೇಡಿ. ದೊಡ್ಡದು ಮಾಡಬಹುದಾದರೂ ಲನ್ ಅನ್ನು ಕುಗ್ಗಿಸಲು ಬರುವುದಿಲ್ಲ. ಕಾಪಿ ತೆಗೆದು ಪರೀಕ್ಷಿಸಿದ ಮೇಲೆ ಅದನ್ನು ಅಳಿಸಿ, ಆ ಜಾಗದಲ್ಲಿ ಷೇರ್ಡ್ ಫೋಲ್ಡರ್ ಮಾಡಿ. ಅಗತ್ಯ ಬಿದ್ದರೆ ಪ್ರತಿ ಕಂಪ್ಯೂಟರಿಗೆ 500 ಜಿಬಿಯ ಸಣ್ಣ ಲನ್ ಒಂದೊಂದು. ಸಾಲದಾದರೆ ನ್ಯಾಸ್‌ನಲ್ಲಿ ಗಾತ್ರ ಹೆಚ್ಚಿಸಿ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ರೀಸ್ಕ್ಯಾನ್ ಕೊಟ್ಟು ಎಕ್ಸ್‌ಟೆಂಡ್ ಮಾಡಿದರಾಯಿತು.